ಗಾಯ ಕಾಯುವವಳು

ಸಾಹುಕಾರ ತಿಮ್ಮರಾಯಪ್ಪ ತೊಗಲಿಗೆ ಹಾಕುವ ಕಾದ ಮುದ್ರೆಯನ್ನು ನನ್ನ ಅತ್ತಿಗೆ ಕದ್ರಮ್ಮನ ಬೆನ್ನಿಗೆ ಹಾಕಿದ. ಸೋಮವಾರ ಬೆಳಿಗ್ಗೆ, ಅವನ ತೊಗಲು ಮಂಡಿಯ ಅಂಗಳದಲ್ಲಿ, ಕೆಲಸಕ್ಕೆ ಬಂದವರೆಲ್ಲ ನಿಂತು ನೋಡುತ್ತಿದ್ದಾಗ.

ಅತ್ತಿಗೆ ಆಡಿದ ಮಾತು ಇಷ್ಟೆ. ತೊಗಲು ನೆನೆಹಾಕುವ ಸುಣ್ಣದ ತೊಟ್ಟಿಗೆ ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಬೇಕು, ಮೇಲೆ ಒಬ್ಬರು ಹಿಡಿದು ನಿಲ್ಲಬೇಕು, ಹಗ್ಗ ಕೊಡುವ ತನಕ ಯಾರೂ ಇಳಿಯಬೇಡಿ ಅಂದಳು. ಹಿಂದಿನ ಬೇಸಿಗೆಯಲ್ಲಿ ನನ್ನ ಅಣ್ಣ, ಅಂದರೆ ಅವಳ ಗಂಡ, ಅದೇ ತೊಟ್ಟಿಯಲ್ಲಿ ಜಾರಿ ಮುಳುಗಿ ಸತ್ತಿದ್ದ. ಮೇಲೆತ್ತಿದಾಗ ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಅತ್ತಿಗೆಯ ಮಾತು ಕೇಳಿ, ಇಳಿಯಬೇಕಾದವರು ತೊಟ್ಟಿಯ ಅಂಚಿನಲ್ಲೇ ನಿಂತರು. ಸಾಹುಕಾರ ಕೂಗಾಡಲಿಲ್ಲ. ಕೆಂಡದಲ್ಲಿದ್ದ ಮುದ್ರೆ ಎತ್ತಿಕೊಂಡು ಬಂದ. “ಇದೂ ನಮ್ಮ ಮಂಡಿ ತೊಗಲೇ ತಾನೆ” ಅಂದ. ಇಬ್ಬರು ಆಳುಗಳು ಅತ್ತಿಗೆಯ ತೋಳು ಹಿಡಿದಿದ್ದರು. ಆಮೇಲೆ ಎಲ್ಲರೂ ತೊಟ್ಟಿಗೆ ಇಳಿದರು.

ನಮ್ಮ ಕೇರಿಯವರ ಮೈಮೇಲೆ ಗಾಯದ ಗುರುತು ನಿಲ್ಲುವುದಿಲ್ಲ. ಕೊಯ್ದದ್ದಾಗಲಿ ಸುಟ್ಟದ್ದಾಗಲಿ ಮಾರನೆಯ ದಿನ ಹೊತ್ತು ಮುಳುಗುವುದರೊಳಗೆ ಕೂಡಿಕೊಂಡಿರುತ್ತದೆ. ಕಲೆಯಿಲ್ಲ, ಗೆರೆಯಿಲ್ಲ, ಮೈಬಣ್ಣದಲ್ಲಿ ಚೂರು ಹೆಚ್ಚುಕಡಿಮೆಯಿಲ್ಲ. ನೋವು ಮಾತ್ರ ಎಲ್ಲರಿಗೂ ಆಗುವಷ್ಟೇ ಆಗುತ್ತದೆ. ಇದು ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ತಲೆ ಕೆಡಿಸಿಕೊಳ್ಳುವುದಕ್ಕೆ ಬೇರೆ ಬೇಕಾದಷ್ಟಿತ್ತು. ಹೆಣ್ಣುಮಕ್ಕಳು ಓಲೆ ಕಳಚಿಟ್ಟು ಮಲಗಿದರೆ ಏಳುವಷ್ಟರಲ್ಲಿ ಕಿವಿಯ ತೂತು ಮುಚ್ಚಿರುತ್ತದೆ, ಹಾಗಾಗಿ ಓಲೆಯೋ ಬೇವಿನ ಕಡ್ಡಿಯೋ ಸಾಯುವ ತನಕ ಕಿವಿಯಲ್ಲೇ. ಹಚ್ಚೆ ಹಾಕುವವಳು ಪೇಟೆಯ ಬೀದಿಬೀದಿ ಸುತ್ತುತ್ತಾಳೆ, ನಮ್ಮ ಕೇರಿಯ ಬಾಯಿಗೆ ಬಂದು ತಿರುಗಿಕೊಳ್ಳುತ್ತಾಳೆ. ಆಸ್ಪತ್ರೆಯವರು ಚುಚ್ಚುಮದ್ದು ಹಾಕಿಸಿಕೊಂಡ ಗುರುತು ತೋರಿಸು ಅನ್ನುತ್ತಾರೆ, ತೋಳು ನುಣ್ಣಗಿರುತ್ತದೆ, ಮತ್ತೆ ಚುಚ್ಚುತ್ತಾರೆ. ನನಗೆ ಎಷ್ಟು ಸಲ ಚುಚ್ಚಿದ್ದಾರೋ ಮಾರಮ್ಮನೇ ಬಲ್ಲಳು. ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿ ಒಣಗಿ ಬಿದ್ದ ಮೇಲೆ ಹೊಟ್ಟೆಯ ಮೇಲೆ ಏನೂ ಉಳಿಯುವುದಿಲ್ಲ, ತೊಳೆದಿಟ್ಟ ತಟ್ಟೆಯ ಹಾಗೆ ಸಮನಾಗಿರುತ್ತದೆ. ನೀರು ಹಾಕುವ ಮುದುಕಿಯರು, “ಎಣ್ಣೆ ನಿಲ್ಲಕ್ಕೆ ಒಂದ್ ಗುಣಿನೂ ಇಲ್ಲ ನೋಡೇ ಈ ಮುಂಡೇದಕ್ಕೆ” ಅಂತ ನಗುತ್ತಾರೆ.

ಪೇಟೆಯವರಿಗೆ ಕಲೆಗಳಿವೆ. ಪೇಟೆಯ ನಡುವೆ ಗುರುತಿನ ಕಟ್ಟೆಯೂ ಇದೆ. ನ್ಯಾಯ ನಡೆಯುವುದು ಅಲ್ಲಿ, ಗುರುತಿನ ಮೇಲೆ. ನೊಂದವರು ಸಾಕ್ಷಿಗಲ್ಲು ಹತ್ತಿ ನಿಂತು ಗುರುತು ತೋರಿಸಬೇಕು, ಕಟ್ಟೆಯ ಯಜಮಾನರು ಎದ್ದು ಬಂದು ಕಣ್ಣಿಟ್ಟು ನೋಡಬೇಕು, ಆಮೇಲೆ ತೀರ್ಪು. ಚಿಕ್ಕಂದಿನಲ್ಲಿ ಪಕ್ಕದ ಮನೆಯವನು ಎಸೆದ ಕಲ್ಲಿನ ಕಲೆಯನ್ನು ಮುಪ್ಪಿನಲ್ಲಿ ತೋರಿಸಿ ನ್ಯಾಯ ಗೆದ್ದವರು ಪೇಟೆಯಲ್ಲಿದ್ದಾರೆ; ಎಸೆದವನು ಸತ್ತು ಮಣ್ಣಾಗಿದ್ದರೂ ಗೆದ್ದಿದ್ದಾರೆ. ನಮ್ಮ ಕೇರಿಯವರು ಕಲ್ಲು ಹತ್ತಿದರೆ ತೋರಿಸುವುದಕ್ಕೆ ಬರೀ ಮೈ. ಗುರುತಿಲ್ಲದ್ದು ನಡೆದದ್ದಲ್ಲ ಅನ್ನುವುದು ಕಟ್ಟೆಯ ಕಾನೂನು. ಈ ಕಾನೂನು ಬಾಯಿಪಾಠವಿದ್ದುದರಿಂದಲೇ ನಮ್ಮ ಮೇಲೆ ಕೈ ಮಾಡುವವರ ಕೈ ನಡುಗುತ್ತಿರಲಿಲ್ಲ.

ಅದಕ್ಕೇ ಕೇರಿಯಲ್ಲಿ ಗಾಯ ಕಾಯುವ ಪದ್ಧತಿ ಬೆಳೆಯಿತು. ಕಟ್ಟೆ ಕರೆಯುವ ತನಕ ಗಾಯ ಕೂಡದ ಹಾಗೆ ನೋಡಿಕೊಳ್ಳುವುದು. ಸುಣ್ಣ ಕದಡಿದ ತಿಳಿನೀರಿಗೆ ಹತ್ತಿ ಅದ್ದಿ, ಕೂಡುತ್ತಿರುವ ಅಂಚನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತೆ ಬಿಡಿಸುವುದು. ಇದಕ್ಕೆ ಗಾಯ ಎಬ್ಬಿಸುವುದು ಅನ್ನುತ್ತಾರೆ. ಎಬ್ಬಿಸುವವಳು ಹತ್ತಿರದ ನಂಟಳಾಗಿರಬೇಕು, ಗಾಯಕ್ಕೆ ಊದಬಾರದು, ಎಬ್ಬಿಸುವಾಗ ಅಳಬಾರದು, ನೊಂದವರು ಉಂಡ ತಟ್ಟೆಯಲ್ಲೇ ಉಣ್ಣಬೇಕು. ಯಾರು ಮಾಡಿದ ಕಟ್ಟಳೆಯೋ, ಮೀರಿದವರನ್ನು ನಾನು ಕಂಡಿಲ್ಲ. ಅತ್ತಿಗೆಗೆ ತವರಿಲ್ಲ, ಮಕ್ಕಳಿಲ್ಲ. ಉಳಿದವಳು ನಾದಿನಿ, ನಾನು ಬೊಮ್ಮಕ್ಕ. ಕೇರಿಯ ಹಿರಿಯ ದುರುಗಜ್ಜ ಸುಣ್ಣದ ಕುಡಿಕೆ ತಂದು ನನ್ನ ಮುಂದಿಟ್ಟು, “ತಗಾ ತಾಯಿ, ಇನ್ಮೇಲೆ ನಿಮ್ಮತ್ತಿಗೆ ಬೆನ್ನು ನಿನ್ನ ಹೊಲ” ಅಂದ.

ಮನುಷ್ಯರ ಮೇಲೆ ಮುದ್ರೆ ಬಿದ್ದದ್ದು ಸಾಬೀತಾದರೆ ಕಟ್ಟೆ ಆ ಮುದ್ರೆಯನ್ನು ಕಿತ್ತುಕೊಳ್ಳಬೇಕು, ನೊಂದವರು ಕೇಳಿದ್ದನ್ನು ಮುದ್ರೆಯ ಒಡೆಯ ಕೊಟ್ಟ ಮೇಲಷ್ಟೇ ತಿರುಗಿ ಕೊಡಬೇಕು. ಮುದ್ರೆಯಿಲ್ಲದ ತೊಗಲನ್ನು ಯಾರೂ ಕೊಳ್ಳುವುದಿಲ್ಲ. ಇದೂ ಅವರದೇ ಕಾನೂನು, ಪೇಟೆಯವರು ಪೇಟೆಯವರಿಗಾಗಿ ಮಾಡಿಕೊಂಡದ್ದು. ಅತ್ತಿಗೆ ಏನು ಕೇಳುತ್ತಾಳೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಹಗ್ಗ ಕೇಳುತ್ತಾಳೆ. ತೊಟ್ಟಿಗೆ ಇಳಿಯುವ ಒಬ್ಬೊಬ್ಬರ ಸೊಂಟಕ್ಕೂ ಒಂದು ಹಗ್ಗ.

ಮೊದಲ ದಿನ ಅವಳ ಬೆನ್ನಿನ ಮೇಲೆ ಒಂದು ಬಳೆಯಾಕಾರ, ಅದರೊಳಗೆ ‘ತಿ’, ‘ರಾ’ ಎಂಬ ಎರಡಕ್ಷರ, ಕೆತ್ತಿದ ಹಾಗೆ ಎದ್ದು ಕಾಣುತ್ತಿದ್ದವು. ದುರುಗಜ್ಜ ನೋಡಿ, ಹಲ್ಲು ಕಚ್ಚಿಕೊಂಡೇ ಸಂತೋಷಪಟ್ಟ. “ಅಪರಾಧಿ ಅವನ ರುಜು ಅವನೇ ಹಾಕವ್ನೆ. ಇನ್ನೇನು ಬೇಕು?” ಅಂದ. ಅವತ್ತೇ ಕಟ್ಟೆಗೆ ಹೋದೆವು. ಯಜಮಾನರು ಶಾಂತವೀರಪ್ಪನವರು ಬೀಗರ ಊರಿಗೆ ಹೋಗಿದ್ದರು. ವಾರ ಬಿಟ್ಟು ಬನ್ನಿ ಅಂದ ಕಟ್ಟೆಯ ಜವಾನ. ಅವತ್ತು ಸಂಜೆ ಮೊದಲ ಸಲ ಗಾಯ ಎಬ್ಬಿಸಿದೆ.

ಅತ್ತಿಗೆ ಕವುಚಿ ಮಲಗಿ ಚಾಪೆಯ ಅಂಚನ್ನು ಕಚ್ಚಿ ಹಿಡಿದಳು. ಹತ್ತಿ ತಾಗಿದಾಗ ಅವಳ ಬೆನ್ನು ಮೀನಿನ ಹಾಗೆ ಹೊರಳಿತು. ಮುಗಿದ ಮೇಲೆ ಚಾಪೆಯ ಕಡ್ಡಿ ಉಗುಳಿ, “ನಿಮ್ಮಣ್ಣ ಇಷ್ಟು ವರ್ಷದಾಗೆ ಮುಟ್ಟಿದ್ದಕ್ಕಿಂತ ನೀನು ಮುಟ್ಟಿದ್ದೇ ಜಾಸ್ತಿ ಆಯ್ತದೆ ಕಣೇ ನನ್ನ ಬೆನ್ನ” ಅಂದಳು.

“ನಮ್ಮಣ್ಣ ಮುಟ್ಟಿದಾಗ್ಲೂ ಚಾಪೆ ಕಚ್ತಿದ್ದಾ?” ಅಂದೆ.

“ಥೂ, ನಾಲಗೆಗೆ ಸುಣ್ಣ ಬಳೀತೀನಿ ನೋಡು” ಅಂದು ನಗಲು ಹೋಗಿ, ಬೆನ್ನು ಎಳೆದು, ಹಾ ಅಂತ ಉಸಿರು ಹಿಡಿದಳು. ನಾನು ಅಳಬಾರದು. ಗೋಡೆ ನೋಡಿದೆ.

ವಾರ ಬಿಟ್ಟು ಹೋದರೆ ಸಾಹುಕಾರನ ವಕೀಲ ನಾಗಭೂಷಣನಿಗೆ ಜ್ವರ. ಮತ್ತೆ ವಾರ. ಅಷ್ಟರಲ್ಲಿ ನಮಗೆ ಕಾಣತೊಡಗಿದ್ದು ಏನೆಂದರೆ, ಎಬ್ಬಿಸಿದಷ್ಟೂ ಗಾಯ ಅಗಲವಾಗುತ್ತಿತ್ತು, ಅಗಲವಾದಷ್ಟೂ ಅಕ್ಷರ ಕದಡುತ್ತಿತ್ತು. ಬಿಟ್ಟರೆ ಎಲ್ಲವೂ ಅಳಿಸಿಹೋಗುತ್ತದೆ. ಎಬ್ಬಿಸಿದರೆ ಗಾಯ ಉಳಿಯುತ್ತದೆ, ಯಾರ ಗಾಯ ಅನ್ನುವುದು ಅಳಿಸಿಹೋಗುತ್ತದೆ. ದಿನಾ ಬೆಳಿಗ್ಗೆ ಅತ್ತಿಗೆ ಕೇಳುತ್ತಿದ್ದಳು, “ಅಕ್ಷರ ಐತೇನೇ?”

“ತಿ ಹೋಯ್ತು. ರಾ ಅರ್ಧ ಐತೆ.”

“ಹೋಗ್ಲಿ ಬುಡು. ಅವನ ಹೆಸರು ಹೊತ್ಕಂಡು ತಿರುಗೋದು ತಪ್ತು.” ಹಾಗಂದಳೇ ಹೊರತು ಅವತ್ತು ಮುದ್ದೆ ಮುರಿಯಲಿಲ್ಲ. ಕಟ್ಟಳೆ ಕಟ್ಟಳೆಯೇ, ಅವಳು ಉಣ್ಣದ ತಟ್ಟೆಯಲ್ಲಿ ನಾನೂ ಉಣ್ಣಲಿಲ್ಲ.

ಕೊನೆಗೆ ಕಟ್ಟೆ ಸೇರಿತು. ಅತ್ತಿಗೆ ಸಾಕ್ಷಿಗಲ್ಲು ಹತ್ತಿ ಸೆರಗು ಸರಿಸಿ ಬೆನ್ನು ತೋರಿಸಿದಳು. ಶಾಂತವೀರಪ್ಪನವರು ಕನ್ನಡಕ ಒರೆಸಿಕೊಂಡು ಹತ್ತಿರ ಬಂದು, ಮೂಗಿಗೆ ಧೋತ್ರದ ಚುಂಗು ಒತ್ತಿಕೊಂಡು ನೋಡಿದರು. ವಕೀಲ ನಾಗಭೂಷಣ ಮುದ್ರೆಯನ್ನೇ ತಂದಿದ್ದ. ಗಾಯದ ಮಗ್ಗುಲಲ್ಲಿ ಹಿಡಿದು, “ಸ್ವಾಮಿ, ಇದು ಅಂಗೈಯಷ್ಟು. ಅದು ಊಟದೆಲೆಯಷ್ಟು. ಇದು ದುಂಡಗಿದೆ. ಅದು ನಕಾಶೆಯಲ್ಲಿರುವ ಯಾವುದೋ ದೇಶ ಇದ್ದ ಹಾಗಿದೆ” ಅಂದ. ಜನ ನಕ್ಕರು. “ಈ ಹೆಂಗಸು ಸುಣ್ಣದ ಕೆಲಸದವಳು. ಇದು ಸುಣ್ಣದ ಗಾಯ. ತಾನೇ ಮಾಡಿಕೊಂಡದ್ದು.”

“ಸುಣ್ಣ ಹಾಕಿದ್ದು ನಾನು. ಕೂಡಬಾರದು ಅಂತ ಹಾಕಿದ್ದು” ಎಂದು ನಾನು ಕೂಗಿದೆ.

“ಕೇಳಿದಿರಾ ಸ್ವಾಮಿ? ಅವರೇ ಒಪ್ಪಿಕೊಂಡರು.”

ದುರುಗಜ್ಜ ಕೋಲೂರಿ ಎದ್ದ. ನಮ್ಮ ಮೈ ಕೂಡುತ್ತದೆ, ಕಾಯದಿದ್ದರೆ ಗುರುತು ಉಳಿಯುವುದಿಲ್ಲ, ಊರಿಗೆಲ್ಲ ಗೊತ್ತಿರುವ ಸಂಗತಿ ಅಂದ. ಊರಿಗೆ ಗೊತ್ತಿರುವುದು ಕಟ್ಟೆಗೆ ಗೊತ್ತಿರಬೇಕಾಗಿಲ್ಲ ಅಂದರು ಶಾಂತವೀರಪ್ಪನವರು. ನಿಮ್ಮ ಚರ್ಮ ಹಾಗೆ ಕೂಡುವುದು ನಿಜವೆಂದು ಓದಿದವರೊಬ್ಬರು ಬಂದು ಹೇಳಲಿ, ಆಗ ಈ ಗಾಯವನ್ನು ಲೆಕ್ಕಕ್ಕೆ ಹಿಡಿಯೋಣ ಅಂದರು. ಅಲ್ಲಿಯ ತನಕ ಕಾಯಬೇಕು. ಕಾಯುವುದು ಅಂದರೆ ಏನು ಅಂತ ಅವರಿಗೆ ಹೇಳಿದವರಿಲ್ಲ.

ಓದಿದವರು ಅಂದರೆ ನಮಗೆ ಗೊತ್ತಿದ್ದದ್ದು ಕಸಾಯಿಖಾನೆಯ ಪಶುವೈದ್ಯೆ ಡಾಕ್ಟರ್ ಮೆಹರುನ್ನೀಸಾ ಒಬ್ಬರೇ. ಗಬ್ಬದ ಕುರಿಯನ್ನು ತಿಳಿಯದೆ ಕೊಯ್ದಾಗ ಹೊಟ್ಟೆಯೊಳಗಿಂದ ಸಿಗುವ ಮರಿಗಳನ್ನು ಆಕೆ ಸೀಸೆಯಲ್ಲಿಟ್ಟುಕೊಂಡು ಏನೋ ಪರೀಕ್ಷೆ ಮಾಡುತ್ತಾರೆ ಅಂತ ಮಾತಿತ್ತು. ಭಾನುವಾರ ಸಂಜೆ ದುರುಗಜ್ಜನ ಜಗಲಿಯಲ್ಲಿ ನಮ್ಮ ಓದುಕೂಟ ಸೇರುತ್ತದೆ. ಓದಲು ಬರುವ ಒಬ್ಬರು ಪತ್ರಿಕೆ ಓದುವುದು, ಉಳಿದವರು ಬೈಯುವುದು. ಆ ಭಾನುವಾರ ಡಾಕ್ಟರಮ್ಮನನ್ನು ಕರೆಸಿದೆವು. ಆಕೆ ಚಪ್ಪಲಿ ಕಳಚಿಟ್ಟು ಎಲ್ಲರ ನಡುವೆ ಕಾಲು ಮಡಿಸಿ ಕೂತರು. ಅತ್ತಿಗೆಯ ಬೆನ್ನು ನೋಡಿ ಅವರ ಮುಖ ಬಿಳಿಚಿತು.

“ದಿನಾ ಮೂರು ಸಲ ಹೀಗೆ ಮಾಡ್ತೀರಾ?”

“ಕಟ್ಟೆಯೋರು ಬೇಗ ಬೇಗ ಸೇರಿದ್ರೆ ನಾವ್ಯಾಕೆ ಮಾಡನ ತಾಯಿ?” ಅಂದಳು ಅತ್ತಿಗೆ.

ಡಾಕ್ಟರಮ್ಮ ಅವಳ ತೋಳಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ತಾವಾಗಿಯೇ ಬಂದರು. ಜಗಲಿ ತುಂಬಿತ್ತು. “ನನಗೆ ಗೊತ್ತಿರೋದು ಕುರಿ ವಿಷಯ. ಅದನ್ನ ಹೇಳ್ತೀನಿ” ಅಂತ ಶುರು ಮಾಡಿದರು. “ಹೊಟ್ಟೇಲಿರೋ ಮರಿಗೂ ತಾಯಿ ಕುರಿಗೂ ಮೈಯಲ್ಲಿರೋ ಜೀನುಗಳು ಒಂದೇ ಬಗೆಯವು. ಚರ್ಮ ಹೇಗಿರಬೇಕು, ಗಾಯ ಆದ್ರೆ ಏನು ಮಾಡಬೇಕು ಅಂತ ಎಲ್ಲಾ ಅಪ್ಪಣೆ ಅದರಲ್ಲಿ ಇರುತ್ತೆ. ಆದ್ರೆ ಇದ್ದ ಮಾತ್ರಕ್ಕೆ ಕೆಲಸ ನಡೆಯಲ್ಲ. ಚರ್ಮದ ಒಂದೊಂದು ಕಣವೂ ತನಗೆ ಆ ಹೊತ್ತಿಗೆ ಬೇಕಾದ ಅಪ್ಪಣೆಯನ್ನ ಮಾತ್ರ ನಕಲು ಇಳಿಸ್ಕೊಳ್ಳುತ್ತೆ. ಆ ನಕಲು ನೋಡಿಕೊಂಡು ಕೆಲಸ. ನಕಲು ಇಳಿಸದೇ ಇರೋದು ಮಲಗಿದ ಹಾಗೆ. ಮರಿಯಲ್ಲಿ ಎಚ್ಚರ ಇರೋವು ಬೇರೆ, ತಾಯಿಯಲ್ಲಿ ಎಚ್ಚರ ಇರೋವು ಬೇರೆ.”

“ಅಂದ್ರೆ ಪಾಳಿ ಇದ್ದಂಗೆ” ಅಂದ ದುರುಗಜ್ಜ. “ಬೆಳಗಿನ ಪಾಳಿಯೋರು ಬಂದ್ರೆ ರಾತ್ರಿ ಪಾಳಿಯೋರು ಮನೀಕೋತಾರೆ.”

“ಹೂಂ, ಹಾಗೇ ಅಂದುಕೊಳ್ಳಿ. ಹೊಟ್ಟೇಲಿರೋ ಮರಿಗೆ ಗಾಯ ಆದ್ರೆ ಅದರ ಚರ್ಮ ಎಳೆ ಎಳೆ ಜೋಡಿಸ್ಕೊಂಡು ಮೊದಲಿದ್ದ ಹಾಗೇ ನೇಯುತ್ತೆ. ಕಲೆ ಇರಲ್ಲ. ದೊಡ್ಡ ಕುರಿ ಚರ್ಮ ಹಾಗೆ ನೇಯಲ್ಲ. ಆತುರಾತುರವಾಗಿ ಒಂದು ತೇಪೆ ಹಾಕುತ್ತೆ. ಆ ತೇಪೆಯೇ ಕಲೆ.”

ನಾನು ಕೇಳಿದೆ, “ಹುಟ್ಟಿದ ಮ್ಯಾಲೆ ಯಾಕವ್ವ ಅದು ನೇಯೋದು ಬುಡ್ತದೆ?”

“ಹೊರಗೆ ಧೂಳು, ಹುಳ, ಕೀವು. ನಿಧಾನವಾಗಿ ನೇಯ್ತಾ ಕೂತ್ರೆ ಜೀವ ಹೋಗುತ್ತೆ ಅಂತ ಇರಬೇಕು. ಪುರುಸೊತ್ತಿಲ್ಲ.”

“ನಮಗ್ಯಾವ ಪುರುಸೊತ್ತು ಕಂಡೈತೆ ಅಂತ ನಮ್ ಚರ್ಮ ನೇಯ್ತಾ ಕುಂತದೆ?” ಅಂದಳು ಅತ್ತಿಗೆ. ಎಲ್ಲರೂ ನಕ್ಕರು, ಡಾಕ್ಟರಮ್ಮನೂ ನಕ್ಕರು. ಆಮೇಲೆ ಗಂಭೀರವಾಗಿ, “ಅದು ನನಗೆ ಗೊತ್ತಿಲ್ಲ ಕದ್ರಮ್ಮ. ಹೊಟ್ಟೆಯೊಳಗಿನ ಮರಿಯಲ್ಲಿ ಎಚ್ಚರ ಇರೋವು ನಿಮ್ಮಲ್ಲೂ ಎಚ್ಚರ ಇದಾವೆ. ಅಷ್ಟು ಕಣ್ಣಾರೆ ನೋಡಿದೀನಿ. ಯಾಕೆ ಅನ್ನೋದು ಕೇಳಬೇಡಿ” ಅಂದರು.

ದುರುಗಜ್ಜ ಕೈಮುಗಿದ. “ನೋಡಿದ್ದನ್ನೇ ಬಂದು ಹೇಳವ್ವ. ನಮ್ಮ ಮೈ ಕೂಡ್ತದೆ ಅಂತ ಒಂದ್ಸಲ ಕಟ್ಟೆ ಒಪ್ಪಿದ್ರೆ, ಇನ್ನು ಯಾವ ಹೆಣ್ಣುಮಗಳೂ ಗಾಯ ಕಾಯೋದು ಬ್ಯಾಡ. ಬಾಯಿ ಮಾತು ಸಾಕಾಗ್ತದೆ.”

ಹಾಗೊಂದು ದಿನ ಬರಬಹುದು ಅಂತ ನಾವು ಎಣಿಸಿಯೇ ಇರಲಿಲ್ಲ. ಅವತ್ತು ಸಂಜೆ ಗಾಯ ಎಬ್ಬಿಸುವಾಗ ಅತ್ತಿಗೆ ಚಾಪೆ ಕಚ್ಚಲಿಲ್ಲ. “ಇನ್ನೇನು, ಮುಗೀತಲ್ಲ ಕಣೇ” ಅಂತ ಹೇಳುತ್ತಲೇ ಇದ್ದಳು. ಓದಿದವರ ಬಾಯಿಂದ ನಿಜ ಬಂದರೆ ಅದು ನಮ್ಮ ಕಡೆಗೇ ನಡೆದು ಬರುತ್ತದೆ ಅಂತ ನಂಬಿದೆವು. ಕೇರಿಗೆ ಕೇರಿಯೇ ನಂಬಿತು.

ಕಟ್ಟೆ ಸೇರಿದ ದಿನ ಬಿಸಿಲು ಬಿಳುಪಾಗಿತ್ತು. ಕೇರಿಯವರು ಕೆಲಸ ಬಿಟ್ಟು ಬಂದಿದ್ದರು. ಸಾಹುಕಾರ ಜರತಾರಿ ಶಲ್ಯ ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತು ವೀಳ್ಯ ಮೆಲ್ಲುತ್ತಿದ್ದ. ಅತ್ತಿಗೆ ಕಲ್ಲು ಹತ್ತಿ ಬೆನ್ನು ತೋರಿಸಿ ನಿಂತಳು. ಬೆಳಿಗ್ಗೆಯಷ್ಟೇ ಎಬ್ಬಿಸಿದ್ದೆ, ಗಾಯ ಕೆಂಪಗೆ ಹಸಿಯಾಗಿತ್ತು. ಮಧ್ಯಾಹ್ನದ ಪಾಳಿಗೆ ಅಂತ ಸುಣ್ಣದ ಕುಡಿಕೆ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಡಾಕ್ಟರಮ್ಮ ಜಗಲಿಯಲ್ಲಿ ಹೇಳಿದ್ದನ್ನೆಲ್ಲ ಹೇಳಿದರು. ಕುರಿಮರಿ, ತಾಯಿ ಕುರಿ, ಎಚ್ಚರ, ನಿದ್ದೆ, ನೇಯ್ಗೆ, ತೇಪೆ. ಶಾಂತವೀರಪ್ಪನವರು ತಲೆದೂಗಿದರು. ದುರುಗಜ್ಜ ನನ್ನ ಮೊಣಕೈ ಅದುಮಿದ. ಆಗ ವಕೀಲ ನಾಗಭೂಷಣ ಎದ್ದ. ಜಗಳಕ್ಕೆ ಎದ್ದವನ ಹಾಗಿರಲಿಲ್ಲ. ಹಬ್ಬದೂಟಕ್ಕೆ ಎಲೆ ಹಾಕಿದಾಗ ಕೂರುವವನ ಹಾಗಿದ್ದ.

“ತಾವು ಹೇಳಿದ್ದರಲ್ಲಿ ಒಂದು ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ ಡಾಕ್ಟರೇ. ಒಂದೆರಡು ಸಂದೇಹ, ಅಷ್ಟೆ. ಕಲೆಯಿಲ್ಲದೆ ಕೂಡುವ ಚರ್ಮ ಯಾರದು ಅಂದಿರಿ?”

“ಗರ್ಭದಲ್ಲಿರೋ ಮರಿಯದು.”

“ಹುಟ್ಟಿದ ಮೇಲೆ?”

“ಆ ಜೀನುಗಳಲ್ಲಿ ಬಹಳಷ್ಟು ಸುಮ್ಮನಾಗುತ್ತವೆ. ಬೇರೆಯವು ಏಳುತ್ತವೆ.”

“ಹುಟ್ಟಿದವರಲ್ಲಿ ಸುಮ್ಮನಾಗುವುದು ಈ ಕೇರಿಯವರಲ್ಲಿ ಸುಮ್ಮನಾಗಿಲ್ಲ. ಹೌದಾ?”

“ಹೌದು, ಆದ್ರೆ—”

“ಸಾಕು.” ಅವನು ಯಜಮಾನರ ಕಡೆ ತಿರುಗಿದ. “ಸ್ವಾಮಿ, ಇನ್ನೊಂದು ವಿಷಯ ಕಟ್ಟೆಯ ಗಮನಕ್ಕೆ. ಹುಟ್ಟಿದ ಮನುಷ್ಯನಿಗೆ ಇರಬೇಕಾದ ಮೊದಲ ಗುರುತು ಹೊಕ್ಕುಳು. ಬಳ್ಳಿ ಕೊಯ್ದದ್ದರ ಗುರುತು ಅದು. ಈ ಕೇರಿಯಲ್ಲಿ ಒಬ್ಬರಿಗೂ ಇಲ್ಲ. ಗುರುತಿಲ್ಲದ್ದು ನಡೆದದ್ದಲ್ಲ. ಬಳ್ಳಿ ಕೊಯ್ದದ್ದು ನಡೆದಿಲ್ಲ. ಅಂದಮೇಲೆ ಇವರು ಹುಟ್ಟಿದ್ದಾರೆ ಅಂತ ಕಟ್ಟೆ ಯಾವ ಆಧಾರದ ಮೇಲೆ ಹೇಳಬೇಕು?”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮಾತು ನಿಜವಾಗಿಯೇ ಆಡಿದ್ದು ಅಂತ ಎಲ್ಲರಿಗೂ ಗೊತ್ತಾಯಿತು.

“ನಾನು ಹಾಗೆ ಹೇಳಿಲ್ಲ!” ಡಾಕ್ಟರಮ್ಮ ಕೂಗಿದರು. “ಚರ್ಮದ ಒಂದು ಗುಣ ಅದು. ಇವರು ದುಡೀತಾರೆ, ಹೆರ್ತಾರೆ, ಸಾಯ್ತಾರೆ. ಹುಟ್ಟದೇ ಇರೋರು ಸಾಯ್ತಾರಾ?”

“ಸಾಕ್ಷಿಯ ಹೇಳಿಕೆ ಮುಗಿದಿದೆ” ಅಂದರು ಶಾಂತವೀರಪ್ಪನವರು. ಜವಾನ ಬಂದು ಆಕೆಯನ್ನು ಪಕ್ಕಕ್ಕೆ ಸರಿಸಿದ.

ಯಜಮಾನರು ಮಗ್ಗುಲಿನವರ ಜೊತೆ ಗುಸುಗುಸು ಮಾತಾಡಿದರು. ಕಟ್ಟೆಯಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ಗಂಡ ಸತ್ತಾಗ ಬಸುರಿಯಾಗಿದ್ದ ಸಾಹುಕಾರರ ಹೆಂಡಿರ ಆಸ್ತಿ ಕಾಪಾಡಲು ಯಾವುದೋ ಕಾಲದಲ್ಲಿ ಮಾಡಿದ್ದು. ಹೊಟ್ಟೆಯಲ್ಲಿರುವ ಮಗು ಸಾಕ್ಷಿ ಹೇಳತಕ್ಕದ್ದಲ್ಲ, ದೂರು ಕೊಡತಕ್ಕದ್ದಲ್ಲ, ಅದಕ್ಕೆ ಅನ್ನ ಹಾಕುವವರೇ ಅದರ ಪರವಾಗಿ ಮಾತಾಡತಕ್ಕದ್ದು. ಶಾಂತವೀರಪ್ಪನವರು ಅದನ್ನು ಗಟ್ಟಿಯಾಗಿ ಹೇಳಿ, “ಈ ಕದ್ರಮ್ಮನಿಗೆ ಅನ್ನ ಹಾಕುವವರು ಯಾರು?” ಅಂತ ಕೇಳಿದರು.

ಸಾಹುಕಾರ ತಿಮ್ಮರಾಯಪ್ಪ ಎದ್ದು ನಿಂತ. ವೀಳ್ಯ ಒಂದು ದವಡೆಗೆ ಸರಿಸಿಕೊಂಡ. “ನಾನೇ ಸ್ವಾಮಿ. ಇವರಜ್ಜನ ಕಾಲದಿಂದಲೂ ನಮ್ಮ ಮಂಡಿಯ ಅನ್ನವೇ.”

“ಹಾಗಾದರೆ ಇವಳ ಪರವಾಗಿ ನೀವೇ ಹೇಳಿ. ದೂರು ಏನು?”

“ದೂರೇನೂ ಇಲ್ಲ. ಮಗು, ಏನೋ ತಿಳೀದೆ ಒಂದು ಮಾತು ಆಡ್ತು. ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಾಳೆಯಿಂದ ತೊಟ್ಟಿ ಕೆಲಸಕ್ಕೆ ಬರಲಿ.”

ದೊಡ್ಡ ಮನಸ್ಸು ಅಂತ ಹಿಂದಿನಿಂದ ಯಾರೋ ಅಂದರು. ಡಾಕ್ಟರಮ್ಮ ಕಂಬ ಹಿಡಿದು ನಿಂತಿದ್ದರು. ಕೇರಿಯವರ ಕಡೆ ನೋಡಲು ಅವರಿಗೆ ಆಗುತ್ತಿರಲಿಲ್ಲ, ನಮಗೂ ಅವರ ಕಡೆ ನೋಡಲು ಆಗುತ್ತಿರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಹೇಳಿದ ಒಂದೊಂದು ಮಾತೂ ನಿಜ. ಆ ನಿಜವನ್ನೇ ಕಟ್ಟೆಯವರು ನೂಲಿ ನಮ್ಮ ಕೊರಳಿಗೆ ಕಟ್ಟಿದರು. ಇನ್ನು ಮೇಲೆ ಕೇರಿಯ ಯಾರ ದೂರೂ ಕಟ್ಟೆಗೆ ಬರುವಂತಿಲ್ಲ. ಕಾದಿಟ್ಟ ಗಾಯ ತಂದರೂ ಇಲ್ಲ. ಕಾಯುವ ಗಾಯವಾದರೂ ಇತ್ತಲ್ಲ ಇಷ್ಟು ದಿನ ಅಂತ ನನಗೆ ಅನ್ನಿಸಿತು.

ತೀರ್ಪು ಹೇಳಿದರು. ದೂರು ವಜಾ. ಗಾಯವನ್ನು ಇನ್ನು ಎಬ್ಬಿಸಕೂಡದು, ಕೂಡಲು ಬಿಡತಕ್ಕದ್ದು. ಹೆಂಗಸು ತನ್ನ ಪೋಷಕರ ಜೊತೆ ಹೋಗತಕ್ಕದ್ದು.

ಅತ್ತಿಗೆ ಕಲ್ಲಿನ ಮೇಲೆ ಬೆನ್ನು ತೋರಿಸಿಕೊಂಡೇ ನಿಂತಿದ್ದಳು. ಹೊತ್ತು ನೆತ್ತಿಯಿಂದ ಇಳಿದಿತ್ತು, ಮಧ್ಯಾಹ್ನದ ಪಾಳಿ ತಪ್ಪಿತ್ತು. ನಾನು ಅವಳ ಹಿಂದೆಯೇ ಇದ್ದುದರಿಂದ ಎಲ್ಲ ಕಾಣುತ್ತಿತ್ತು. ಗಾಯದ ಅಂಚು ಒಳಕ್ಕೆ ಸರಿಯುತ್ತಿತ್ತು. ಕೆಂಪು ತಿಳಿಯಾಗಿ, ತಿಳಿ ಮಂಕಾಗಿ, ಅವಳ ಮೈಬಣ್ಣ ನಾಲ್ಕೂ ಕಡೆಯಿಂದ ಕೆರೆಯ ನೀರು ಏರಿದ ಹಾಗೆ ಏರುತ್ತಿತ್ತು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಅದು ತನ್ನ ಪಾಡಿಗೆ ನೇಯುತ್ತಿತ್ತು. “ಬೊಮ್ಮಿ, ಹಾಕು, ಹೋಗ್ತಾ ಐತೆ, ಹಾಕೇ” ಎಂದು ಹಿಂದಿನಿಂದ ದುರುಗಜ್ಜ ಪಿಸುಗುಟ್ಟಿದ. ನಾನು ಕುಡಿಕೆಗೆ ಕೈ ಹಾಕಿದೆ. ಅತ್ತಿಗೆಗೆ ಕೇಳಿಸಿತೋ ಏನೋ. ತಿರುಗದೆಯೇ, “ಬ್ಯಾಡ ಕಣೇ. ಸಾಕು” ಅಂದಳು.

“ಇಳಿಯಮ್ಮ” ಅಂದ ಜವಾನ.

ಅವಳು ಸೆರಗನ್ನು ಬೆನ್ನ ಮೇಲೆ ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ತಿರುಗಿದಳು. ಕಟ್ಟೆ ಶುರುವಾದಂದಿನಿಂದ ನಮ್ಮವರು ಆ ಕಲ್ಲಿನ ಮೇಲೆ ಬೆನ್ನು ತೋರಿಸಿ ನಿಂತಿದ್ದಾರೆ, ತೊಡೆ ತೋರಿಸಿ ನಿಂತಿದ್ದಾರೆ. ಯಜಮಾನರು ಮೇಲೆ ನೋಡಿದಾಗ ಅಲ್ಲಿ ಮುಖವಿತ್ತು.

“ಇಳಿ ಅಂದೆ” ಅಂದ ಜವಾನ.

“ಹುಟ್ಟಿಲ್ಲ ಅಂದ್ರಲ್ಲ ಸ್ವಾಮಿ” ಅಂದಳು ಅತ್ತಿಗೆ. ಕೂಗಲಿಲ್ಲ. ಸೊಪ್ಪು ಮಾರುವವಳ ಹತ್ತಿರ ಚೌಕಾಸಿ ಮಾಡುವ ದನಿ ಅದು. “ಹುಟ್ಟಿಲ್ದೋರು ದೂರು ಕೊಡಂಗಿಲ್ಲ, ಸರಿ. ಹಂಗಾರೆ ಹುಟ್ಟಿಲ್ದೋರು ನಿಮ್ಮ ಮಾತು ಯಾಕೆ ಕೇಳಬೇಕು? ಹೊಟ್ಟೆಯೊಳಗಿರೋ ಮಗೀಗೆ ಯಾರಾನ ಇಳಿ ಅಂತಾರ? ಅದು ಅದರ ಹೊತ್ತಿಗೆ ಇಳೀತದೆ.”

ಸಾಹುಕಾರ ಕಲ್ಲಿನ ಬುಡಕ್ಕೆ ಬಂದು ಕೈ ಚಾಚಿದ. “ಬಾರಮ್ಮ ಕದ್ರಮ್ಮ, ಮಂಡಿಗೆ ಹೋಗೋಣ. ಜನ ನೋಡ್ತಾವ್ರೆ.”

“ನೋಡ್ಲಿ ಅಂತಾನೇ ನಿಂತಿರೋದು.”

ಶಾಂತವೀರಪ್ಪನವರ ಕಿವಿಯ ತುದಿ ಕೆಂಪಾಗಿತ್ತು. ಹೆಂಗಸಿನ ಮೈ ಮುಟ್ಟಿ ಕಲ್ಲಿನಿಂದ ಇಳಿಸುವ ರೂಢಿ ಕಟ್ಟೆಯಲ್ಲಿಲ್ಲ. ಮುಟ್ಟಬೇಕಾದರೆ ಅವಳ ನಂಟರೇ ಮುಟ್ಟಬೇಕು. ಅವರು ನನ್ನತ್ತ ಬೆರಳು ಮಾಡಿದರು. “ನೀನೇ ಅಲ್ಲವೇ ಗಾಯ ಕಾಯುತ್ತಿದ್ದವಳು? ಕಾಯುವುದು ಮುಗಿಯಿತು. ನಿಮ್ಮತ್ತಿಗೆಯ ಕೈ ಹಿಡಿದು ಕೆಳಗಿಳಿಸು.”

ಎಲ್ಲರೂ ನನ್ನನ್ನು ನೋಡಿದರು. ನಾನು ಕಲ್ಲಿನ ಹತ್ತಿರ ಹೋದೆ. ಅತ್ತಿಗೆ ಕೆಳಗೆ ಬಗ್ಗಿ ನನ್ನ ಮುಖ ನೋಡಿದಳು. ಇಷ್ಟು ದಿನ ನಾನು ಅವಳ ಬೆನ್ನನ್ನೇ ನೋಡಿಕೊಂಡಿದ್ದವಳು. ಅವಳು ಎಷ್ಟು ಬಡವಾಗಿದ್ದಾಳೆ ಅನ್ನುವುದು ಆಗ ಕಂಡಿತು. ಗಲ್ಲದ ಎಲುಬು ಎದ್ದಿತ್ತು, ಕಣ್ಣು ಗುಳಿ ಬಿದ್ದಿತ್ತು, ನಿದ್ದೆಗೆಟ್ಟು ರೆಪ್ಪೆ ಊದಿತ್ತು. ಚರ್ಮಕ್ಕೆ ನೇಯಲು ಬರುವುದು ಚರ್ಮವನ್ನು ಮಾತ್ರ.

“ಇಳಿಸು” ಅಂದರು ಯಜಮಾನರು.

“ನನ್ ಕೈಲಿ ಆಗಲ್ಲ” ಅಂದೆ.

“ಆಗಲ್ಲ ಅಂದರೆ?”

“ಆಗ್ತದೆ. ಮಾಡಲ್ಲ.”